ಬೇಸಿಗೆಯ ಸೇವಾಯಾತ್ರೆಯ ವಿಷಯವಾಗಿ ಕೆಲವು ಮಾತುಗಳು

ಬೇಸಿಗೆಯ ರಜೆಯಲ್ಲಿ ಸಭೆಯ ವತಿಯಿಂದ ಯುವಕ ಯುವತಿಯರನ್ನು ಹಳ್ಳಿಗಳಿಗೆ ಕರೆದುಕೊಂಡು ಹೋಗಿ, ಎಂಟು ಹತ್ತು ದಿವಸ ಅಲ್ಲಿಯೇ ಇಳಿದುಕೊಂಡು ಕೈಕೆಲಸದ ಸೇವೆಯನ್ನು ಮಾಡಿಸುವ ಪದ್ಧತಿಯು ಈಗ ನಮ್ಮ ಸಭೆಗಳಲ್ಲಿ ಬೇರೂರುತ್ತಲಿದೆ. ದೇವಾಲಯಕ್ಕೆ ಸುಣ್ಣ ಹಚ್ಚುವದು, ಶಾಲೆಯ ಗೋಡೆಗೆ ಬಣ್ಣ ಬಳಿಯುವದು, ಕೆರೆಯ ಹೂಳನ್ನು ತೆಗೆಯುವದು, ಮಕ್ಕಳನ್ನು ಕೂಡಿಸಿ ಹಾಡು ಕಥೆಗಳನ್ನು ಕಲಿಸುವದು, ಇವೇ ಮೊದಲಾದವು ಈ ಸೇವಾಯಾತ್ರೆಯ ಕೆಲಸಗಳು. ವಾರ್ಷಿಕ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ನಮ್ಮ ಶಾಲೆಯ ಎಂಟನೆಯ ಹಾಗೂ ಒಂಬತ್ತನೆಯ ತರಗತಿಯ ಬಾಲಿಕೆಯರನ್ನು ಕಳುಹಿಸಿಕೊಡಬೇಕೆಂದು ಕೇಳಿಕೆ ಬರುತ್ತದೆ. ಆಗ ಪಾಲಕರಲ್ಲಿ ಎರಡು ಪಕ್ಷಗಳಾಗುತ್ತವೆ. ಇದಕ್ಕಿಂತ ಒಳ್ಳೆಯ ಪಾಠವು ಯಾವ ಪುಸ್ತಕದಲ್ಲಿದೆ ಎಂದು ಕೆಲವರು ಕೇಳುತ್ತಾರೆ. ಬಿಸಿಲಿನಲ್ಲಿ ಹೆಣ್ಣುಮಕ್ಕಳನ್ನು ಪರಸ್ಥಳಕ್ಕೆ ಯಾಕೆ ಕಳುಹಿಸಬೇಕು ಎಂದು ಮತ್ತೆ ಕೆಲವರು ಕೇಳುತ್ತಾರೆ. ಎರಡೂ ಪಕ್ಷದವರು ತಮ್ಮ ಮಕ್ಕಳ ಹಿತವನ್ನು ಕುರಿತು ಮಾತಾಡುತ್ತಾರೆ. ಆದರೆ ಆ ಹಳ್ಳಿಯವರ ಹಿತವನ್ನು ಕುರಿತು ಮಾತಾಡುವವರು ವಿರಳ. ಈ ಸ್ಮರಣ ಸಂಚಿಕೆಯಲ್ಲಿ ನಮಗೆ ದೊರೆತ ಸ್ಥಳವನ್ನು ಆ ಮೂರನೆಯ ಪಕ್ಷದ ಪರವಾಗಿ ಉಪಯೋಗಿಸಬೇಕೆಂದು ಮನಸ್ಸು ಮಾಡಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವದು ಒಳ್ಳೆಯದು. ಬಾಲಿಕೆಯರು ಹೋಗಬೇಕು. ಆದರೆ ಕರೆಯದ ಊರಿಗೆ ಹೋಗಬಾರದು. ಆ ಊರಿನವರ ಕೂಲಿಯನ್ನು ಕಸಿಯುವ ಕೆಲಸಕ್ಕೆ ಕೈಹಾಕಬಾರದು. ಮತ್ತೆ ಮರಳಿ ಹೋಗುವ ಸಂಕಲ್ಪವಿಲ್ಲದೆ ಒಮ್ಮೆ ಮಾತ್ರ ಹೋಗಿಬರಬಾರದು. ಈ ಮೂರು ಕಟ್ಟುಗಳಿಲ್ಲದ ಸೇವಾಯಾತ್ರೆಯು ಸೇವೆಯಲ್ಲ, ಯಾತ್ರೆಯು ಮಾತ್ರವೇ.

ಹೋಗುವದರಿಂದ ಆಗುವ ಒಳಿತನ್ನು ನಾವು ಅಲ್ಲಗಳೆಯುವದಿಲ್ಲ. ಪಟ್ಟಣದಲ್ಲಿ ಬೆಳೆದ ಹುಡುಗಿಯು ನಳವನ್ನು ತಿರುವಿದರೆ ನೀರು ಬರುವದನ್ನು ಬಲ್ಲಳಲ್ಲದೆ, ಒಂದು ಕೊಡ ನೀರಿನ ಭಾರವನ್ನು ಅರಿಯಳು. ಜೋಳದ ರೊಟ್ಟಿಯನ್ನು ಉಣ್ಣಬಲ್ಲಳು; ಅದನ್ನು ತಟ್ಟುವ ಕೈಗಳ ಚಳಕವನ್ನು ಕಂಡಿಲ್ಲ. ಹೊಲದ ಬದುವಿನಲ್ಲಿ ನಡೆದು, ನೆಲದ ಮೇಲೆ ಮಲಗಿ, ಬೆಳಿಗ್ಗೆ ಐದು ಗಂಟೆಗೆ ಎದ್ದು ಕಸ ಗುಡಿಸಿ, ತನ್ನ ವಯಸ್ಸಿನವಳೇ ಆದ ಹಳ್ಳಿಯ ಹುಡುಗಿಯೊಡನೆ ಕೂತು ಉಂಡು ಬಂದ ಬಾಲಿಕೆಯಲ್ಲಿ ಒಂದು ಬದಲಾವಣೆಯು ಕಾಣುತ್ತದೆ. ಅವಳ ಮಾತಿನ ಧಾಟಿ ಮೆತ್ತಗಾಗುತ್ತದೆ. ಊಟದ ತಟ್ಟೆಯಲ್ಲಿ ಅನ್ನವನ್ನು ಬಿಡುವದು ಕಡಿಮೆಯಾಗುತ್ತದೆ. ಜೂನ್ ತಿಂಗಳಲ್ಲಿ ಶಾಲೆ ಆರಂಭವಾದಾಗ ನಮ್ಮ ಅಧ್ಯಾಪಿಕೆಯರು ಇದನ್ನು ಗಮನಿಸಿದ್ದಾರೆ. ಆದರೆ ಈ ಲಾಭವೆಲ್ಲ ಯಾರದು? ನಮ್ಮ ಬಾಲಿಕೆಯದು. ಸೇವೆ ಮಾಡುವವಳಿಗೆ ಲಾಭವಾಗಿ, ಸೇವೆ ಪಡೆಯುವವರಿಗೆ ಏನಾಯಿತೆಂಬುದನ್ನು ಯಾರೂ ಕೇಳದಿದ್ದರೆ, ನಾವು ಆ ಹಳ್ಳಿಯನ್ನು ನಮ್ಮ ಮಕ್ಕಳ ಪಾಠದ ಹಲಗೆಯನ್ನಾಗಿ ಮಾಡಿಕೊಂಡಂತಾಯಿತು. ಹಲಗೆಗೂ ಮನುಷ್ಯರ ಊರಿಗೂ ಭೇದವುಂಟು.

ಮೊದಲು ನೀರಿನ ಲೆಕ್ಕವನ್ನು ನೋಡೋಣ. ನಮ್ಮ ಬಯಲುಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳೆಂದರೆ ಕೆರೆಯು ಒಣಗಿ, ಕೊಳವೆಬಾವಿಯು ಕೆಸರುಗಾಳಿಯನ್ನು ಉಗುಳುವ ಕಾಲ. 2023ನೆಯ ವರುಷ ಮಳೆಯು ಹಿಂದೆಗೆದಾಗ ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರದವರು ಸಾರಿದ್ದರು. ಮರುವರುಷದ ಬೇಸಿಗೆಯು ಹೇಗಿತ್ತೆಂಬುದನ್ನು ಹಳ್ಳಿಯ ತಾಯಂದಿರೇ ಹೇಳಬೇಕು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಗ್ರಾಮವಾಸಿ ಒಬ್ಬನಿಗೆ ದಿನಕ್ಕೆ 55 ಲೀಟರು ನೀರು ಬೇಕೆಂದು ಗೊತ್ತುಮಾಡಿದ್ದಾರೆ. ಮೂವತ್ತು ಬಾಲಿಕೆಯರೂ ನಾಲ್ವರು ಅಧ್ಯಾಪಿಕೆಯರೂ ಒಂದು ಊರಿಗೆ ಹೋಗಿ ಇಳಿದರೆ, ಅದೇ ಅಳತೆಯಂತೆ ದಿನಕ್ಕೆ 1,870 ಲೀಟರು, ಹತ್ತು ದಿನಕ್ಕೆ 18,700 ಲೀಟರು ನೀರಾಯಿತು. ಹದಿನೈದು ಲೀಟರಿನ ಕೊಡವನ್ನು ಹಿಡಿದರೆ ದಿನವೊಂದಕ್ಕೆ ಸುಮಾರು 125 ಕೊಡಗಳು. ಈ ಕೊಡಗಳನ್ನು ಯಾರು ಹೊರಬೇಕು? ಅತಿಥಿಗಳು ಬಂದಿದ್ದಾರೆಂದು ಆ ಊರಿನ ಹೆಂಗಸರೇ ಸರದಿಯಲ್ಲಿ ನಿಂತು ತುಂಬಿಸಿಡುತ್ತಾರೆ. ತಮ್ಮ ಮನೆಯ ಕೊಡವನ್ನು ಹಿಂದಕ್ಕೆ ಸರಿಸಿ ನಮ್ಮ ಕೊಡವನ್ನು ಮುಂದೆ ಇಡುತ್ತಾರೆ. ಹಳ್ಳಿಯವರ ಮರ್ಯಾದೆಯು ಅಂಥದು. ಆದರೆ ಅವರ ಮರ್ಯಾದೆಯನ್ನು ನಮ್ಮ ಅನುಕೂಲವಾಗಿ ಎಣಿಸುವದು ನಮಗೆ ಮರ್ಯಾದೆಯಲ್ಲ.

ಎರಡನೆಯದು ಕೂಲಿಯ ಲೆಕ್ಕ. ಸುಗ್ಗಿಯು ಮುಗಿದು ಮುಂಗಾರು ಬರುವವರೆಗೆ ಹೊಲದಲ್ಲಿ ಕೆಲಸವಿಲ್ಲ. ಬಡವರ ಮನೆಯಲ್ಲಿ ಜೋಳದ ಚೀಲವು ಕರಗುವದು ಆ ತಿಂಗಳುಗಳಲ್ಲಿಯೇ. 2005ರಲ್ಲಿ ಪಾರ್ಲಿಮೆಂಟು ಉದ್ಯೋಗ ಖಾತರಿಯ ಕಾಯಿದೆಯನ್ನು ಮಾಡಿ, ಗ್ರಾಮದ ಕುಟುಂಬವೊಂದಕ್ಕೆ ವರುಷಕ್ಕೆ 100 ದಿನಗಳ ಕೂಲಿಕೆಲಸವನ್ನು ಹಕ್ಕೆಂದು ಒಪ್ಪಿದ ಮೇಲೆ, ಕೆರೆಯ ಹೂಳು ತೆಗೆಯುವದೂ ಬದು ಹಾಕುವದೂ ಅನೇಕ ಬೇಸಿಗೆಗಳಲ್ಲಿ ಹೆಂಗಸರ ಕೈಗೆ ನಾಲ್ಕು ಕಾಸನ್ನು ತಂದುಕೊಟ್ಟವು. ಕಾಯಿದೆಯ ಹೆಸರೂ ನಿಯಮವೂ ಕಾಲಕಾಲಕ್ಕೆ ಬದಲಾಗಬಹುದು. ಮೇ ತಿಂಗಳಿನಲ್ಲಿ ಕೂಲಿಯ ಅಗತ್ಯವು ಬದಲಾಗುವದಿಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಬಾಲಿಕೆಯರು ಬುಟ್ಟಿ ಸಲಿಕೆಗಳನ್ನು ಹಿಡಿದು ಅದೇ ಕೆರೆಯ ಅಂಗಳದಲ್ಲಿ ಉಚಿತವಾಗಿ ಮಣ್ಣು ಹೊತ್ತರೆ, ಅದು ಯಾರ ಬುಟ್ಟಿಯಿಂದ ತೆಗೆದ ಮಣ್ಣು? ಗೋಡೆಗೆ ಬಣ್ಣ ಹಚ್ಚುವದಾದರೂ ಹೀಗೆಯೇ. ಆ ಊರಿನಲ್ಲಿ ಸುಣ್ಣ ಬಣ್ಣದ ಕೆಲಸದಿಂದಲೇ ಹೊಟ್ಟೆ ಹೊರೆಯುವವನೊಬ್ಬನು ಇರುತ್ತಾನೆ. ನಾವು ವಕ್ರವಾಗಿ ಬಳಿದುಬಂದ ಗೋಡೆಯನ್ನು ನೋಡಿ ಅವನು ಬಾಯಿಂದ ಏನೂ ಅನ್ನಲಿಕ್ಕಿಲ್ಲ. ದೇವಾಲಯದವರು ಮಾಡಿದ ಪುಣ್ಯದ ಕೆಲಸಕ್ಕೆ ಹೇಗೆ ಆಕ್ಷೇಪಿಸಿಯಾನು?

ಇನ್ನೊಂದು ಸಂಗತಿಯನ್ನು ನಮ್ಮ ಪಾಲಕರು ಮರೆಯಬಾರದು. ನಮ್ಮ ಶಾಲೆಯಲ್ಲಿ ಎಲ್ಲರೂ ಪಟ್ಟಣದ ಮಕ್ಕಳಲ್ಲ. ವಸತಿಗೃಹದಲ್ಲಿರುವ ಬಾಲಿಕೆಯರು ಇಂಥ ಹಳ್ಳಿಗಳಿಂದಲೇ ಬಂದವರು. ಕೆಲವು ವರುಷಗಳ ಹಿಂದೆ, ಸೇವಾಯಾತ್ರೆಯವರು ಆರಿಸಿದ ಊರಿನ ಹೆಸರನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿದ ದಿವಸ, ಸಾಯಂಕಾಲ ವಸತಿಗೃಹದ ಒಬ್ಬ ಹುಡುಗಿಯು ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಬಹಳ ಹೊತ್ತು ಸುಮ್ಮನಿದ್ದು, “ಅಕ್ಕಾರ, ಅದು ನಮ್ಮೂರರಿ. ನಾ ಅಲ್ಲಿ ಸೇವಾಕ್ಕ ಹೋಗ್ಲ್ಯೋ, ಮನೀಗೆ ಹೋಗ್ಲ್ಯೋ?” ಎಂದು ಕೇಳಿದಳು. ಅವಳ ತಾಯಿಯು ಬೇಸಿಗೆಯಲ್ಲಿ ಬ್ಯಾಡಗಿ ಪೇಟೆಯ ಕಡೆಗೆ ಹೋಗಿ, ದಿನವೆಲ್ಲ ಘಾಟಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿ ಮಗಳ ಪುಸ್ತಕಕ್ಕೆ ಹಣವನ್ನು ಕೂಡಿಸುವವಳು. ಈ ಹುಡುಗಿಯೂ ರಜೆಯಲ್ಲಿ ತಾಯಿಯ ಪಕ್ಕದಲ್ಲಿ ಕೂಡುವವಳೇ. ಅವಳ ಬೇಸಿಗೆಯೆಲ್ಲ ಕೆಲಸವೇ. ಅದನ್ನು ಯಾರೂ ಸೇವೆಯೆಂದು ಕರೆಯಲಿಲ್ಲ, ಯಾರೂ ಅದಕ್ಕೆ ಪ್ರಶಸ್ತಿಪತ್ರವನ್ನು ಕೊಡಲಿಲ್ಲ. ಅವಳ ಸಹಪಾಠಿಗಳು ಅವಳ ಅಂಗಳಕ್ಕೆ ಉಪಕಾರಿಗಳಾಗಿ ಬಂದು ನಿಂತರೆ, ಜೂನ್ ತಿಂಗಳಲ್ಲಿ ಅವರ ಪಕ್ಕದ ಬೆಂಚಿನಲ್ಲಿ ಅವಳು ಯಾವ ಮುಖದಿಂದ ಕೂಡಬೇಕು? ಈ ಪ್ರಶ್ನೆಯನ್ನು ಕೇಳಿದ ಮೇಲೆ ಸೇವಾಯಾತ್ರೆಯನ್ನು ಮೊದಲಿನಂತೆ ಎಣಿಸುವದು ನಮ್ಮಿಂದ ಆಗಲಿಲ್ಲ.

ಇದು ನಮ್ಮ ಸೀಮೆಯೊಂದರ ತೊಡಕಲ್ಲ. ಅಮೇರಿಕೆಯ ಸಭೆಗಳಿಂದ ಪ್ರತಿ ಬೇಸಿಗೆಯಲ್ಲಿಯೂ ಲಕ್ಷಾಂತರ ಜನರು ಹೀಗೆ ಪರದೇಶಗಳಿಗೆ ಹೋಗಿಬರುತ್ತಾರೆ. 1998ರಲ್ಲಿ ಮಿಚ್ ಎಂಬ ಚಂಡಮಾರುತವು ಮಧ್ಯ ಅಮೇರಿಕೆಯ ಹೊಂಡುರಾಸ್ ದೇಶವನ್ನು ಹಾಳುಮಾಡಿದಾಗ, ಅನೇಕ ಸಭೆಗಳವರು ಅಲ್ಲಿಗೆ ಹೋಗಿ ಮನೆಗಳನ್ನು ಕಟ್ಟಿದರು. ಕೆಲವು ಮನೆಗಳನ್ನು ಅಲ್ಲಿಯ ಜನರೇ ಕಟ್ಟಿಕೊಂಡಿದ್ದರು. ಕರ್ಟ್ ವೆರ್ ಬೀಕ್ ಎಂಬ ಕ್ರೈಸ್ತ ಪಂಡಿತರು ತರುವಾಯ ಎರಡೂ ಬಗೆಯ ಮನೆಗಳವರನ್ನು ಕಂಡು ವಿಚಾರಿಸಿದರು. ಮನೆಯನ್ನು ಪಡೆದ ಕುಟುಂಬದವರ ಬಾಳಿನಲ್ಲಿ, ಪರದೇಶದವರು ಕಟ್ಟಿದ್ದಕ್ಕೂ ತಮ್ಮವರು ಕಟ್ಟಿದ್ದಕ್ಕೂ ಹೇಳತಕ್ಕಂಥ ವ್ಯತ್ಯಾಸವೇನೂ ಕಾಣಲಿಲ್ಲ. ಹೋಗಿಬಂದವರನ್ನು ಕೇಳಿದರೆ, ತಮ್ಮ ಜೀವಿತವೇ ಬದಲಾಯಿತೆಂದು ಅನೇಕರು ಹೇಳಿದರು. ಆದರೆ ಅವರು ಮುಂದೆ ಕೊಟ್ಟ ಕಾಣಿಕೆಯ ಲೆಕ್ಕವನ್ನು ತೆಗೆದು ನೋಡಿದಾಗ ಆ ಬದಲಾವಣೆಯು ಅಷ್ಟಾಗಿ ಕಾಣಲಿಲ್ಲ. ಭಾವನೆಯು ಬೇರೆ, ನಡತೆಯು ಬೇರೆ. ಯಾತ್ರೆಯಿಂದ ಭಾವನೆಯು ತಾನಾಗಿಯೇ ಹುಟ್ಟುತ್ತದೆ. ನಡತೆಯನ್ನು ವರುಷಗಟ್ಟಲೆ ಬೆಳೆಸಬೇಕು.

ಹಾಗಾದರೆ ನಮ್ಮ ಹಿರಿಯರು ಏನು ಮಾಡಿದರು? ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಅವರು ಹತ್ತು ದಿನಕ್ಕೆ ಬಂದವರಲ್ಲ. ಅವರಲ್ಲಿ ಅನೇಕರ ಗೋರಿಗಳು ಈ ಮಣ್ಣಿನಲ್ಲಿಯೇ ಇವೆ. ಅವರು ಮಾಡಿದ್ದೆಲ್ಲವೂ ಸರಿಯೆಂದು ನಾವು ಹೇಳಹೊರಟಿಲ್ಲ. ಆದರೆ ಎರಡು ಸಂಗತಿಗಳನ್ನು ಅವರಿಂದ ಕಲಿಯಬೇಕು. ಒಂದನೆಯದು, ಅವರು ಮೊದಲು ಕಿವಿಗೊಟ್ಟರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ಲರು ಕನ್ನಡವನ್ನು ಕಲಿತು, ಪಂಡಿತರಿಂದಲೂ ಜನಸಾಮಾನ್ಯರಿಂದಲೂ ಶಬ್ದಗಳನ್ನು ಕೂಡಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಹೊರತಂದರು. ಬಂದದ್ದಕ್ಕೂ ಪುಸ್ತಕವು ಹೊರಬಿದ್ದದ್ದಕ್ಕೂ ನಡುವೆ ನಾಲ್ವತ್ತೊಂದು ವರುಷಗಳು. ಎರಡನೆಯದು, ಅವರು ಕೂಲಿಯನ್ನು ಕಸಿಯಲಿಲ್ಲ, ಹುಟ್ಟಿಸಿದರು. ಸಭೆಗೆ ಸೇರಿದವರು ಕುಲದ ಕಸುಬನ್ನೂ ನೆಲೆಯನ್ನೂ ಕಳೆದುಕೊಂಡು ನಿಂತಾಗ, ಬರಿಯ ದಾನಧರ್ಮದಿಂದ ಮನುಷ್ಯರು ಬಾಳಲಾರರೆಂದು ತಿಳಿದು, ನೇಯ್ಗೆಯ ಕಾರಖಾನೆಗಳನ್ನೂ 1865ರಲ್ಲಿ ಮಂಗಳೂರಿನ ಹಂಚಿನ ಕಾರಖಾನೆಯನ್ನೂ ತೆರೆದರು. ಆ ಹಂಚುಗಳ ಹೆಸರನ್ನು ಅರಿಯದ ಮನೆಯು ಕರಾವಳಿಯಲ್ಲಿ ಎಲ್ಲಿಯೂ ಇರಲಿಕ್ಕಿಲ್ಲ.

ಹೆಣ್ಣುಮಕ್ಕಳಿಗೆ ಇನ್ನೂ ಹತ್ತಿರದ ಉದಾಹರಣೆಯು ವೆಲ್ಲೂರಿನ ಡಾಕ್ಟರ್ ಈಡಾ ಸ್ಕಡ್ಡರ್ ಅವರದು. 1900ರಲ್ಲಿ ಕೆಲಸವನ್ನು ಆರಂಭಿಸಿದ ಆ ಮಹಿಳೆಯು, ಆಸ್ಪತ್ರೆಗೆ ಬರಲಾರದವರ ಸಲುವಾಗಿ ತಾನೇ ಹೊರಟು, ಗುಡಿಯಾತ್ತಂ ದಾರಿಯಲ್ಲಿ ಮರದ ನೆರಳುಗಳಲ್ಲಿ ನಿಂತು ರೋಗಿಗಳನ್ನು ನೋಡುತ್ತಿದ್ದಳು. ಈ ದಾರಿಯ ಬದಿಯ ಔಷಧಾಲಯಗಳ ಮಹಿಮೆಯು ಒಂದು ದಿನದ ಗುಂಪಿನಲ್ಲಿರಲಿಲ್ಲ; ವಾರವಾರವೂ ಅದೇ ದಾರಿಗೆ, ಅದೇ ಮರದ ಕೆಳಗೆ ಮರಳಿ ಬರುವದರಲ್ಲಿ ಇತ್ತು. ಈ ವಾರ ಔಷಧ ಕೊಟ್ಟವಳು ಮುಂದಿನ ವಾರವೂ ಬರುವಳೆಂಬ ನಂಬಿಕೆಯಿಂದಲೇ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಕಾದು ಕೂಡುತ್ತಿದ್ದರು. 1918ರಲ್ಲಿ ಅವಳು ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆಯನ್ನು ತೆರೆದಳು. ಅಂದರೆ ತನ್ನ ಕೆಲಸವನ್ನು ಈ ನಾಡಿನ ಹೆಂಗಸರ ಕೈಗೇ ಒಪ್ಪಿಸಿದಳು. ನಮ್ಮ ಉಡುಪಿಯಲ್ಲಿ 1923ರಲ್ಲಿ ಡಾಕ್ಟರ್ ಏವಾ ಲೊಂಬಾರ್ಡ್ ಅವರು ಆರಂಭಿಸಿದ ಆಸ್ಪತ್ರೆಯು ನೂರು ವರುಷಗಳನ್ನು ದಾಟಿ ಇಂದಿಗೂ ನಿಂತಿದೆ. ಸೇವೆಯ ಅಳತೆಯು ದಿನಗಳಲ್ಲಿ ಅಲ್ಲ, ಮರಳಿ ಬಂದ ಸಾರಿಗಳಲ್ಲಿ ಎಂಬುದಕ್ಕೆ ಇವು ಸಾಕ್ಷಿಗಳು.

ಆದರೆ ಇವರೆಲ್ಲರೂ ಜೀವಿತವನ್ನೇ ಒಪ್ಪಿಸಿದವರು; ಹದಿನಾಲ್ಕು ಹದಿನೈದರ ಬಾಲಿಕೆಯರು ಇವರಂತೆ ಮಾಡಲಾದೀತೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯು. ಸ್ವಲ್ಪ ಕಾಲದ ಸೇವೆಯೂ ಸರಿಯಾಗಿ ನಡೆಯಬಹುದೆಂಬುದಕ್ಕೆ ಪಿಯೇರ್ ಸೆರೆಸೋಲ್ ಎಂಬ ಸ್ವಿಸ್ ಇಂಜಿನೀಯರರ ಕಥೆಯನ್ನು ಹೇಳಬೇಕು. ಮೊದಲನೆಯ ಮಹಾಯುದ್ಧದ ತರುವಾಯ, 1920ರಲ್ಲಿ, ಅವರು ಫ್ರಾನ್ಸಿನ ವೆರ್ದನ್ ರಣರಂಗದ ಬಳಿ ಹಾಳಾಗಿದ್ದ ಒಂದು ಹಳ್ಳಿಗೆ ಕೆಲವು ಗೆಳೆಯರೊಡನೆ ಹೋಗಿ ಕಟ್ಟಡದ ಕೆಲಸಕ್ಕೆ ನಿಂತರು. ಆ ಗುಂಪಿನಲ್ಲಿ ಜರ್ಮನರೂ ಇದ್ದರು. ಕೆಲವು ತಿಂಗಳಲ್ಲಿಯೇ ಆ ಕೆಲಸವು ನಿಂತುಹೋಯಿತು. ಗಾಯವು ಇನ್ನೂ ಹಸಿಯಾಗಿದ್ದುದರಿಂದ ಶತ್ರುವಿನ ದೇಶದವರ ಸಹಾಯವನ್ನು ಒಪ್ಪುವದು ಅಲ್ಲಿ ಕಠಿಣವಾಯಿತು. ಒಳ್ಳೆಯ ಮನಸ್ಸಿನಿಂದ ಹೋದರೂ, ಪಡೆಯುವವರ ಮನಸ್ಸು ಒಪ್ಪದಿದ್ದರೆ ಸೇವೆಯು ನಡೆಯದೆಂಬ ಪಾಠವು ಅದು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಅದೇ ಸೆರೆಸೋಲರು ನಮ್ಮ ದೇಶಕ್ಕೆ ಬಂದರು. ಮೊದಲು ತಾವು ಬಂದು ಸ್ಥಳವನ್ನು ನೋಡಿದರು; ಬಾಬು ರಾಜೇಂದ್ರ ಪ್ರಸಾದ ಮೊದಲಾದ ಈ ನಾಡಿನ ಮುಂದಾಳುಗಳೊಡನೆ ಆಲೋಚಿಸಿದರು; ತರುವಾಯ ಬೆರಳೆಣಿಕೆಯ ಜೊತೆಗಾರರೊಡನೆ ಮರಳಿ ಬಂದು, 1937ರ ವರೆಗೆ ಹೋಗಿಬರುತ್ತ, ಹಳ್ಳಿಯವರೊಡನೆ ಕೂಡಿ ಊರುಗಳನ್ನು ಮತ್ತೆ ಕಟ್ಟಲು ದುಡಿದರು. ಜನ ಸ್ವಲ್ಪ, ವಿಚಾರಣೆ ಮೊದಲು, ಮರಳಿ ಬರುವದು ಖಂಡಿತ. ಇವು ಬಾಲಿಕೆಯರಿಂದಲೂ ಆಗತಕ್ಕ ಸಂಗತಿಗಳೇ.

ಸಭೆಯ ಯುವಜನರು ಸೇವಾಯಾತ್ರೆಗೆ ಆಧಾರವಾಗಿ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಹೇಳುವದುಂಟು. ಲೂಕನು ಬರೆದ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಅದು ಇದೆ. ಆ ಅಧ್ಯಾಯವನ್ನು ಮೊದಲಿನಿಂದ ಕೊನೆಯ ವರೆಗೆ ಒಮ್ಮೆ ಕೂತು ಓದಬೇಕೆಂದು ಅವರನ್ನು ಬೇಡುತ್ತೇವೆ. ಸಮಾರ್ಯದವನು ಗಾಯಾಳುವಿನ ಗಾಯವನ್ನು ಕಟ್ಟಿ ಹೊರಟುಹೋಗಲಿಲ್ಲ. ಛತ್ರದವನಿಗೆ ತನ್ನ ಹಣವನ್ನು ಕೊಟ್ಟು, ಮುಂದಿನ ಆರೈಕೆಯನ್ನು ಆ ಸ್ಥಳದವನಿಗೇ ಒಪ್ಪಿಸಿ, ಹೆಚ್ಚು ವೆಚ್ಚವಾದರೆ ಮರಳಿ ಬರುವಾಗ ತೀರಿಸುವದಾಗಿ ಮಾತುಕೊಟ್ಟನು. ಅದೇ ಅಧ್ಯಾಯದ ಆರಂಭದಲ್ಲಿ ಕರ್ತನು ಎಪ್ಪತ್ತು ಮಂದಿಯನ್ನು ಊರುಗಳಿಗೆ ಕಳುಹಿಸುತ್ತಾನೆ. ಅವರ ಕೈಯಲ್ಲಿ ಹಣದ ಚೀಲವಿಲ್ಲ, ಬಡಿಸಿದ್ದನ್ನು ಉಣ್ಣಬೇಕು, ಒಂದೇ ಮನೆಯಲ್ಲಿ ಇಳಿದುಕೊಳ್ಳಬೇಕು. ಕೊಡತಕ್ಕದ್ದು ಅವರಲ್ಲಿ ಬಹಳವಿದ್ದರೂ ಅವರು ಆ ಊರಿನ ಅತಿಥಿಗಳಾಗಿಯೇ ಹೋದರು. ಅಧ್ಯಾಯದ ಕೊನೆಯಲ್ಲಿ ಮಾರ್ಥಳೂ ಮರಿಯಳೂ ಬರುತ್ತಾರೆ. ಕೆಲಸದ ಗಡಿಬಿಡಿಯಲ್ಲಿದ್ದ ಅಕ್ಕನಿಗಿಂತ ಕೂತು ಕೇಳಿದ ತಂಗಿಯು ಒಳ್ಳೆಯ ಪಾಲನ್ನು ಆರಿಸಿಕೊಂಡಳೆಂದು ಅಲ್ಲಿ ಹೇಳಿದೆ. ಸೇವಾಯಾತ್ರೆಗೆ ಇದಕ್ಕಿಂತ ಬೇರೆ ನಿಬಂಧನೆಗಳನ್ನು ನಾವು ಬರೆಯಬೇಕಾಗಿಲ್ಲವೆಂದು ತೋರುತ್ತದೆ.

ಹಾಗಿದ್ದರೂ ಮುಖ್ಯಾಧ್ಯಾಪಿಕೆಯಾದವಳು ಕಾರ್ಯದ ವಿವರಗಳನ್ನು ಹೇಳದೆ ಬಿಡಬಾರದು. ಮೊದಲನೆಯದಾಗಿ, ಯಾತ್ರೆಗೆ ಎರಡು ಮೂರು ತಿಂಗಳು ಮುಂಚೆ ಒಬ್ಬ ಅಧ್ಯಾಪಿಕೆಯೂ ಇಬ್ಬರು ಬಾಲಿಕೆಯರೂ ಆ ಊರಿಗೆ ಒಂದು ದಿನ ಹೋಗಬೇಕು. ಸಭಾಪಾಲಕರನ್ನೂ ಪಂಚಾಯತಿಯವರನ್ನೂ ಮಾತ್ರವಲ್ಲದೆ, ನೀರಿನ ನಳದ ಬಳಿ ನಿಂತ ಹೆಂಗಸರನ್ನೂ ಶಾಲೆಯ ಬಿಸಿಯೂಟದ ಅಡುಗೆಯವಳನ್ನೂ ಅಂಗನವಾಡಿಯ ಕಾರ್ಯಕರ್ತೆಯನ್ನೂ ಕಾಣಬೇಕು. ನಾವು ಏನು ಕೊಡಲಿ ಎಂದು ಕೇಳದೆ, ನೀವು ಮಾಡುತ್ತಿರುವ ಕೆಲಸದಲ್ಲಿ ಎಲ್ಲಿ ಕೈ ಸಾಲದು ಎಂದು ಕೇಳಬೇಕು. ಅಧ್ಯಾಪಕ ವೃತ್ತಿಯ ತರಬೇತಿಯಲ್ಲಿ ನಾವು ಮೊದಲು ಕಲಿತದ್ದು ಪಾಠ ಹೇಳುವದನ್ನಲ್ಲ. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಬೇರೊಬ್ಬರ ಪಾಠವನ್ನು ನೋಡುವದನ್ನು. ಹಳ್ಳಿಗೆ ಹೋಗುವವಳಿಗೂ ಅದೇ ಮೊದಲ ಪಾಠವು. ಊರಿನವರು ಯಾವ ಕೆಲಸವೂ ಇಲ್ಲವೆಂದರೆ, ಆ ಉತ್ತರವನ್ನು ಗೌರವಿಸಿ ಮನೆಗೆ ಬರಬೇಕು.

ಎರಡನೆಯದಾಗಿ, ಕೂಲಿಯವರು ಮಾಡತಕ್ಕ ಕೆಲಸವನ್ನು ಕೂಲಿಯವರೇ ಮಾಡಲಿ. ಗೋಡೆಯು ಬಿದ್ದಿದ್ದರೆ ನಾವು ಹಣವನ್ನು ಕೂಡಿಸಿ ಆ ಊರಿನ ಗೌಂಡಿಗೆ ಪೂರ್ತಿ ಕೂಲಿಯನ್ನು ಕೊಟ್ಟು ಕಟ್ಟಿಸಬೇಕು. ಬೇಕಾದರೆ ನಮ್ಮ ಬಾಲಿಕೆಯರು ಅವನ ಕೈಕೆಳಗೆ ನಿಂತು ಅವನು ಹೇಳಿದಂತೆ ಕಲಿಯಲಿ. ಹತ್ತು ದಿನಗಳಲ್ಲಿ ಹೆಣ್ಣುಮಕ್ಕಳು ಚೆನ್ನಾಗಿ ಮಾಡಬಲ್ಲ ಕೆಲಸಗಳು ಬೇರೆ ಇವೆ. ಓದಿನಲ್ಲಿ ಹಿಂದೆ ಬಿದ್ದ ಮಗುವಿನ ಪಕ್ಕದಲ್ಲಿ ಕೂತು ಪುಸ್ತಕವನ್ನು ಬೆರಳಿಟ್ಟು ಓದಿಸುವದು, ಓದುಬಾರದ ಅಜ್ಜಿಗೆ ಪಿಂಚಣಿಯ ಅರ್ಜಿಯನ್ನು ತುಂಬಿಕೊಡುವದು, ಕೂಲಿಗೆ ಹೋದ ತಾಯಿಯ ಕೂಸನ್ನು ಅಂಗನವಾಡಿಯಲ್ಲಿ ಆಡಿಸುವದು, ಇವು ಯಾರ ಅನ್ನವನ್ನೂ ಕಸಿಯುವದಿಲ್ಲ. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ ರಜೆಯಲ್ಲಿಯೂ ಮಕ್ಕಳಿಗೆ ಊಟವನ್ನು ಕೊಡುವ ಏರ್ಪಾಡಾಗಿತ್ತು. ಅಂಥ ಅಡುಗೆಮನೆಯಲ್ಲಿ ಅಡುಗೆಯವಳು ಹೇಳಿದಂತೆ ಕಾಯಿಪಲ್ಲೆ ಹೆಚ್ಚಿ, ಬಡಿಸಿ, ಪಾತ್ರೆ ತೊಳೆಯುವದು ನೂರು ಗಜ ಗೋಡೆಗೆ ಬಣ್ಣ ಬಳಿಯುವದಕ್ಕಿಂತ ಹೆಚ್ಚಿನ ಸೇವೆಯು.

ಮೂರನೆಯದಾಗಿ, ಗುಂಪು ಚಿಕ್ಕದಿರಲಿ. ಮೂವತ್ತು ಮಂದಿಯ ಬದಲು ಎಂಟು ಮಂದಿ ಸಾಕು. ನೀರಿಲ್ಲದ ಸೀಮೆಗೆ ಮೇ ತಿಂಗಳಲ್ಲಿ ಹೋಗುವದನ್ನು ಬಿಟ್ಟು, ಮಳೆ ಬಿದ್ದು ಕೆರೆ ಬಾವಿಗಳಲ್ಲಿ ನೀರಿರುವ ದಸರೆಯ ರಜೆಯಲ್ಲಿ ಹೋಗಬಹುದು. ರಜೆಯು ನಮ್ಮ ಅನುಕೂಲಕ್ಕೆ ಬಿದ್ದ ಮಾತ್ರಕ್ಕೆ ಸೇವೆಗೆ ಅದೇ ಋತುವೆಂದು ಯಾರು ಗೊತ್ತುಮಾಡಿದರು? ನಾಲ್ಕನೆಯದಾಗಿ, ಒಂದೇ ಊರಿಗೆ ಕಡೆಗೆ ಮೂರು ವರುಷವಾದರೂ ಹೋಗಬೇಕು. ನಡುವೆ ಎರಡು ಮೂರು ಸಾರಿ ಶನಿವಾರಗಳಲ್ಲಿ ಹೋಗಿ ಮಾತಾಡಿಸಿ ಬರಬೇಕು. ಆ ಊರಿನ ಮಕ್ಕಳನ್ನೂ ತಾಯಂದಿರನ್ನೂ ನಮ್ಮ ಶಾಲೆಯ ಹಬ್ಬಕ್ಕೆ ಕರೆಸಬೇಕು. ಅವರ ಮನೆಯಲ್ಲಿ ನಾವು ಉಂಡಂತೆ ನಮ್ಮ ಮನೆಯಲ್ಲಿ ಅವರು ಉಂಡರೆ ಮಾತ್ರ ನೆರೆಹೊರೆತನವಾಯಿತು.

ಐದನೆಯದಾಗಿ, ಸೇವೆಯನ್ನು ಗಾಳಕ್ಕೆ ಸಿಕ್ಕಿಸಿದ ಎರೆಯನ್ನಾಗಿ ಮಾಡಬಾರದು. ನಾವು ಯಾರೆಂಬುದನ್ನು ಮರೆಮಾಚಬೇಕಾಗಿಲ್ಲ. ಕೇಳಿದವರಿಗೆ ನಮ್ಮ ನಂಬಿಕೆಯನ್ನು ನಿರ್ಭಯವಾಗಿ ಹೇಳಬಹುದು. ಆದರೆ ತಾಯಿತಂದೆಗಳ ಒಪ್ಪಿಗೆಯಿಲ್ಲದೆ ಪರರ ಮಕ್ಕಳಿಗೆ ಉಪದೇಶ ಮಾಡುವದು ಸರಿಯಲ್ಲ. ನಮ್ಮ ಮಕ್ಕಳಿಗೆ ಬೇರೊಬ್ಬರು ಹಾಗೆ ಮಾಡಿದರೆ ನಾವು ಒಪ್ಪೆವು. ನಮ್ಮ ಶಾಲೆಯಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಬಾಲಿಕೆಯರು ಒಂದೇ ಬೆಂಚಿನಲ್ಲಿ ಕೂತು ಕಲಿಯುತ್ತಾರೆ. ಅವರಲ್ಲಿ ಬರುವ ಮನಸ್ಸುಳ್ಳವರು ಯಾವ ಅಂಜಿಕೆಯೂ ಇಲ್ಲದೆ ಬರುವಂತಿರಬೇಕು. ಹಾಗೆಯೇ ಮೊಬೈಲಿನಲ್ಲಿ ಚಿತ್ರಗಳನ್ನು ಹಿಡಿಯುವ ಚಟವನ್ನು ಊರಿನ ಗಡಿಯಲ್ಲಿಯೇ ಬಿಡಬೇಕು. ಮೂಗು ಸೋರುವ, ಅಂಗಿಯಿಲ್ಲದ ಕೂಸನ್ನು ಎತ್ತಿಕೊಂಡು ತೆಗೆಸಿಕೊಂಡ ಚಿತ್ರವು ಸಾವಿರ ಜನರ ಕಣ್ಣಿಗೆ ಬೀಳುತ್ತದೆ; ಆ ಕೂಸಿನ ತಾಯಿಗೆ ಅದು ಗೊತ್ತೇ ಇರುವದಿಲ್ಲ.

ಇನ್ನು ಕಳುಹಿಸಬಾರದೆನ್ನುವ ಪಾಲಕರಿಗೆ ಒಂದು ಮಾತು. ನಿಮ್ಮ ಅಂಜಿಕೆಯು ಸುಳ್ಳಲ್ಲ. ಇಬ್ಬರು ಅಧ್ಯಾಪಿಕೆಯರು ಹಗಲಿರುಳು ಜೊತೆಯಲ್ಲಿರಬೇಕು. ಇಳಿಯುವ ಮನೆಗೆ ಭದ್ರವಾದ ಅಗಳಿಯೂ ಹತ್ತಿರದಲ್ಲಿ ಶೌಚಾಲಯವೂ ಇರಬೇಕು. 2012ರಲ್ಲಿ ಮಕ್ಕಳ ರಕ್ಷಣೆಗಾಗಿ ಮಾಡಿದ ಕಾಯಿದೆಯನ್ನು ಯಾತ್ರೆಯ ಮುಂದಾಳುಗಳೆಲ್ಲರೂ ತಿಳಿದಿರಬೇಕು. ಇಷ್ಟು ಇಲ್ಲದ ಯಾತ್ರೆಗೆ ನಾವೇ ಕಳುಹಿಸುವದಿಲ್ಲ. ಆದರೆ ಇಷ್ಟು ಇದ್ದ ಮೇಲೆಯೂ ಹೆಣ್ಣೆಂಬ ಕಾರಣಕ್ಕೆ ತಡೆಯಬೇಡಿರಿ. ವಾಹನಗಳಿಲ್ಲದ ಕಾಲದಲ್ಲಿ ನಮ್ಮ ಬೈಬಲ್ ಸ್ತ್ರೀಯರು ಕೊಡೆಯನ್ನೂ ಕೈಚೀಲವನ್ನೂ ಹಿಡಿದು ಊರಿಂದೂರಿಗೆ ನಡೆದದ್ದರಿಂದಲೇ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಅಕ್ಷರವನ್ನು ಕಂಡರು. ಯಾತ್ರೆಯ ವೆಚ್ಚವನ್ನು ಕೊಡಲಾರದವರ ಮಕ್ಕಳು ಹಿಂದೆ ಉಳಿಯಬಾರದು. ಅದಕ್ಕಾಗಿ ಸಭೆಯವರೂ ಹಳೆಯ ವಿದ್ಯಾರ್ಥಿನಿಯರೂ ಒಂದು ನಿಧಿಯನ್ನು ಕೂಡಿಸಬೇಕೆಂದು ಬೇಡುತ್ತೇವೆ. ರಜೆಯಲ್ಲಿ ತಾಯಿಗೆ ನೆರವಾಗಿ ದುಡಿಯುವ ಬಾಲಿಕೆಯ ಹೆಸರನ್ನೂ ಸೇವೆ ಮಾಡಿದವರ ಪಟ್ಟಿಯಲ್ಲಿ ಬರೆಯಬೇಕೆಂಬುದು ನಮ್ಮ ಇನ್ನೊಂದು ಬೇಡಿಕೆ. ಅವಳನ್ನು ಬಿಟ್ಟ ಪಟ್ಟಿಯು ಪೂರ್ಣವಾದದ್ದಲ್ಲ.

ಪ್ರಿಯ ಬಾಲಿಕೆಯರೇ, ನಿಮಗೆ ಕೊನೆಯ ಮಾತು. ಹೋಗಿರಿ, ಆದರೆ ಕೈಗಳಿಗಿಂತ ಮೊದಲು ಕಿವಿಗಳನ್ನು ತೆಗೆದುಕೊಂಡು ಹೋಗಿರಿ. ರೊಟ್ಟಿ ತಟ್ಟಲು ಕಲಿಸುವ ತಾಯಿಗೆ ಶಿಷ್ಯೆಯಾಗಿರಿ. ನಿಮ್ಮ ಜೊತೆಯಲ್ಲಿ ಕಲಿಯುವ ಹುಡುಗಿಯ ಊರಾದರೆ, ಅವಳನ್ನೇ ಮುಂದಾಳಾಗಿ ಮಾಡಿಕೊಂಡು ಅವಳ ಹಿಂದೆ ನಡೆಯಿರಿ; ಆ ಊರಿನ ದಾರಿಯನ್ನು ಅವಳಂತೆ ಬಲ್ಲವರು ನಿಮ್ಮಲ್ಲಿ ಯಾರೂ ಇಲ್ಲ. ನಿಮ್ಮ ಯಾತ್ರೆಯು ಸಫಲವಾಯಿತೇ ಎಂಬುದನ್ನು ನೀವು ಬಂದು ಒಪ್ಪಿಸುವ ವರದಿಯಿಂದ ನಾವು ತಿಳಿಯುವದಿಲ್ಲ. ಮರುವರ್ಷ ಆ ಊರಿನ ಹೆಂಗಸರು ತಾವಾಗಿಯೇ, ಆ ಹುಡುಗಿಯರು ಈ ವರುಷ ಯಾವಾಗ ಬರುತ್ತಾರೆ ಎಂದು ವಿಚಾರಿಸಿದರೆ, ಸೇವೆಯು ಸೇವೆಯಾಯಿತೆಂದು ತಿಳಿಯುವೆವು. ಯಾರೂ ವಿಚಾರಿಸದಿದ್ದರೆ, ಎಲ್ಲಿ ಕೊರತೆಯಾಯಿತೆಂದು ಕೂಡಿ ಕೂತು ಆಲೋಚಿಸೋಣ. ದೇವರು ನಿಮಗೆ ಕೇಳುವ ಕಿವಿಯನ್ನೂ ತಗ್ಗಿದ ಮನಸ್ಸನ್ನೂ ಅನುಗ್ರಹಿಸಲಿ.